ಒಂದು ಗಂಟೆಯೊಳಗೆ, ಇಲ್ಲವೇ ಎರಡು ದಿನದ ಮೇಲೆ

ಚಾಚಾರ ಬಲಗೈಯ ತೋರುಬೆರಳು ಕೊನೆಯ ಗೆಣ್ಣಿನಲ್ಲಿ ಒಳಕ್ಕೆ ಬಾಗಿತ್ತು. ನಲವತ್ತು ವರ್ಷ ಬಣ್ಣ ಎರಚುವ ಗನ್ನು ಒತ್ತಿ ಒತ್ತಿ ಅದಕ್ಕೆ ನೇರವಾಗುವುದೇ ಮರೆತುಹೋಗಿತ್ತು. ಚಹಾದ ಲೋಟ ಹಿಡಿದಾಗ ಉಳಿದ ಬೆರಳುಗಳು ಲೋಟವನ್ನು ಸುತ್ತಿಕೊಂಡರೆ ಇದೊಂದು ಮಾತ್ರ ಗಾಳಿಯಲ್ಲಿ ಏನನ್ನೋ ಒತ್ತಲು ಕಾಯುತ್ತಿರುತ್ತಿತ್ತು. ಚಾಚಿ ಅದನ್ನು ಕೊಕ್ಕೆ ಎಂದು ಕರೆಯುತ್ತಿದ್ದರು.

ಅವರು ನನ್ನ ನೆಂಟರಲ್ಲ. ಬೆಂಗಳೂರಿನಲ್ಲಿ ಲಾರಿ, ಬಸ್ಸುಗಳಿಗೆ ಬಣ್ಣ ಹೊಡೆದು, ಇಲ್ಲಿಗೆ ಬಂದ ಮೇಲೆ ಗುದ್ದಿಸಿಕೊಂಡ ಕಾರುಗಳಿಗೆ ಬಣ್ಣ ಹೊಡೆದು ನಿವೃತ್ತರಾದವರು. ನಾನು ಹಾಸನದ ಕಡೆಯವಳು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ನಮ್ಮನ್ನು ಸೇರಿಸಿದ್ದು ನಾವಿರುವ ಲಿವರ್‌ಮೋರಿನ ಹಾರ್ಡ್‌ವೇರ್ ಅಂಗಡಿಯ ಒಂದು ಬೀಗ. ಗೋಡೆ ಗೀಚುವವರಿಗೆ ಹೆದರಿ ಇಲ್ಲಿ ಸ್ಪ್ರೇ ಪೇಂಟಿನ ಡಬ್ಬಿಗಳನ್ನು ಜಾಲರಿಯೊಳಗಿಟ್ಟು ಬೀಗ ಹಾಕಿರುತ್ತಾರೆ. ಬೀಗದ ಕೈ ತರುವವನಿಗಾಗಿ ಕಾಯುತ್ತ ನಾನು ಊರಿನ ಅಮ್ಮನೊಂದಿಗೆ ಫೋನಿನಲ್ಲಿದ್ದೆ. ರಟ್ಟಿನ ಕೊಳವೆಗೆ ಮರದ ರೆಕ್ಕೆ ಅಂಟಿಸಿ ಪುಟ್ಟ ರಾಕೆಟ್ ಕಟ್ಟಿ ಹಾರಿಸುವುದು ನನ್ನ ಭಾನುವಾರದ ಹುಚ್ಚು. ನಲವತ್ತೆರಡರ ಹೆಂಗಸಿಗೆ ಇದೇನು ಬಂತು ಕೇಡು ಎಂಬುದು ಅಮ್ಮನ ತಕರಾರು.

“ಬಿಳಿ ಒಂದು ಕಂಪ್ನೀದು, ಹಳದಿ ಇನ್ನೊಂದು ಕಂಪ್ನೀದು ತಗೋತೀನಿ ಕಣಮ್ಮ, ಆಫರೈತೆ” ಎನ್ನುತ್ತಿದ್ದೆ.

“ಬೇಡ,” ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದರೆ ಬಿಳಿ ಗಡ್ಡದ, ತೋಳು ಮಡಿಸಿದ ಅಂಗಿಯ ಒಬ್ಬರು. “ಎರಡು ಮನೆ ಡಬ್ಬಿ ಸೇರಿಸ್ಬೇಡಮ್ಮ. ಒಂದರ ಮೇಲೊಂದು ಹೊಡೆದ್ರೆ ಜಗಳ ಆಡ್ತವೆ. ಏನಕ್ಕೆ ಬಣ್ಣ?”

“ರಾಕೆಟ್ಟಿಗೆ.”

ಅವರು ನಗಲಿಲ್ಲ. “ಎಲ್ಲಿ ಬೀಳ್ತದೆ?”

ಎಷ್ಟು ಎತ್ತರ ಹೋಗುತ್ತದೆ ಎಂದು ಕೇಳುವವರನ್ನು ಬೇಕಾದಷ್ಟು ಕಂಡಿದ್ದೆ. ಎಲ್ಲಿ ಬೀಳುತ್ತದೆ ಎಂದು ಕೇಳಿದವರು ಇವರೊಬ್ಬರೇ. ಒಣಹುಲ್ಲಿನ ಬಯಲಿನಲ್ಲಿ ಎಂದೆ.

“ಹುಲ್ಲು ಹಳದಿ, ನಿನ್ನ ರಾಕೆಟ್ಟೂ ಹಳದಿ! ಮೇಲೆ ಹೋಗೋವಾಗ ಎಲ್ಲಾ ಬಣ್ಣಾನೂ ಒಂದೇ ಬೇಟಿ. ಬಿದ್ಮೇಲೆ ಸಿಗ್ಬೇಕಲ್ಲ?” ಎಂದು ಆ ಕೊಕ್ಕೆ ಬೆರಳಿನಿಂದ ಕಣ್ಣು ಕುಕ್ಕುವ ಗುಲಾಬಿಯೊಂದನ್ನು ತೋರಿಸಿದರು. ಮದುವೆ ಸೀರೆಗಳಲ್ಲಿ ನಾವು ರಾಣಿ ಬಣ್ಣ ಅನ್ನುತ್ತೇವಲ್ಲ, ಅದು. ಅದು ಬಿಳಿಯ ಮೇಲೆ ಮಾತ್ರ ಉರಿಯುತ್ತದೆ, ಆದ್ದರಿಂದ ಅದೇ ಕಂಪನಿಯ ಬಿಳಿಯನ್ನೂ ತೆಗೆಸಿದರು. ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇತ್ತು ಎಂದು ತಿಳಿದದ್ದು ಪಾರ್ಕಿಂಗಿನಲ್ಲಿ.

ಅಲ್ಲಿಂದ ನಾಲ್ಕು ವರ್ಷ ನನ್ನ ರಾಕೆಟ್ಟುಗಳೆಲ್ಲ ಚಾಚಾರ ಹಿತ್ತಲಿನಲ್ಲೇ ಬಣ್ಣ ಕಂಡವು. ಮಧ್ಯಾಹ್ನದ ಮೇಲೆ ಲಿವರ್‌ಮೋರಿನಲ್ಲಿ ಗಾಳಿ ಏಳುತ್ತದೆ, ಹಾಗಾಗಿ ಬೆಳಗ್ಗೆ ಏಳಕ್ಕೇ ಹಾಜರಿ. ಕಡ್ಡಿಗೆ ಸಿಕ್ಕಿಸಿದ ರಾಕೆಟ್ಟನ್ನು ತಿರುಗಿಸುತ್ತ ತೆಳ್ಳಗೆ, ಒಂದೇ ಸಮ ಹೊಡೆಯಬೇಕು. ಆ ಕೆಲಸ ಬೇಗ ಬಂತು. ಬಾರದಿದ್ದದ್ದು ಕಾಯುವುದು. ಮುಂದಿನ ಪದರವನ್ನು ಒಂದು ಗಂಟೆಯೊಳಗೆ ಹೊಡೆಯಿರಿ, ಇಲ್ಲವೇ ಎರಡು ದಿನ ಬಿಟ್ಟು ಹೊಡೆಯಿರಿ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ನಾನು ಓದುತ್ತಿರಲಿಲ್ಲ.

“ಒಂದು ಗಂಟೆ ಒಳಗೆ ಹಸಿ ಇರ್ತದೆ, ಒಪ್ಕೊಳ್ತದೆ. ಎರಡು ದಿನ ಆದ್ರೆ ಗಟ್ಟಿ, ತಡ್ಕೊಳ್ತದೆ. ನಡುವೆ ಮೇಲೆ ಒಣಗಿ ಒಳಗೆ ಹಸಿ. ಆಗ ಹೋದ್ಯೋ, ಸುಕ್ಕಾಗ್ತದೆ. ಒಣಗ್ತಾ ಅಂತ ಬೆರಳಿಟ್ಟು ನೋಡ್ಬೇಡ, ಮೂಸಿ ನೋಡು. ವಾಸನೆ ಬರ್ತಿದ್ರೆ ಬಣ್ಣ ಇನ್ನೂ ಕೆಲಸ ಮಾಡ್ತಾ ಇದೆ ಅಂತ.”

ಬೇಯುವ ತನಕ ಕಾದವಳು ಆರುವ ತನಕ ಕಾಯಲ್ಲ ಎಂದು ಅಮ್ಮ ಚಿಕ್ಕಂದಿನಿಂದ ಬೈದದ್ದು ಸುಳ್ಳಲ್ಲ. ಮೊದಲ ವರ್ಷದ ನಾಲ್ಕೂ ರಾಕೆಟ್ಟುಗಳ ಮೇಲೆ ನನ್ನ ಹೆಬ್ಬೆಟ್ಟಿನ ಗುರುತಿದೆ. “ಓಹೋ, ಸೈನ್ ಮಾಡಿದೀಯ!” ಎಂದು ಚಾಚಾ ಕೈ ಮುಗಿಯುತ್ತಿದ್ದರು.

ಕೆಮ್ಮು ಅವರಿಗೆ ಮೊದಲಿನಿಂದಲೂ ಇತ್ತು. ಕಳೆದ ವರ್ಷ ಅದು ಮಾತಿನ ನಡುವೆ ಬರುವುದು ಬಿಟ್ಟು, ಮಾತೇ ಅದರ ನಡುವೆ ಬರುವಂತಾಯಿತು. ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಇನ್ನು ಮೆತ್ತಗಾಗುವುದಿಲ್ಲ ಎಂದರು ಡಾಕ್ಟರು. “ಬೆಂಗಳೂರಲ್ಲಿ ನಮಗೆ ಮಾಸ್ಕು ಅಂದ್ರೆ ಕರ್ಚೀಫು ಬೇಟಿ” ಎಂದರು ಚಾಚಾ, ಅದರಲ್ಲಿ ಅಳುವಂಥದ್ದೇನೂ ಇಲ್ಲವೆಂಬಂತೆ. ಚಾಚಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು: “ನಿಮ್ಮ ಲ್ಯಾಬಲ್ಲಿ ಔಷಧಿ ಮಾಡ್ತಾರಲ್ಲಮ್ಮ, ಇದಕ್ಕೇನಾದ್ರೂ ಇದ್ಯಾ?” ದಿನವೂ ಎರಡು ಫ್ರೀವೇ ದಾಟಿ ಹೋಗಿ ಗಾಜಿನ ತಟ್ಟೆಗಳಲ್ಲಿ ಜೀವಕೋಶ ಬೆಳೆಸುವವಳು ನಾನು. ಸಿಂಕಿನಲ್ಲಿದ್ದ ಲೋಟ ತೊಳೆದೆ.

ಮೂಗಿಗೆ ಆಕ್ಸಿಜನ್ ಕೊಳವೆ ಬಂದ ಮೇಲೆ ಚಾಚಾ ಬಣ್ಣದ ಹತ್ತಿರ ಸುಳಿಯುವಂತಿರಲಿಲ್ಲ. ಇನ್ನು ಸಾಕು, ಬಿಟ್ಟುಬಿಡೋಣ ಎಂದೆ. ಅವರು ಒಪ್ಪಲಿಲ್ಲ. ಮಂಚವನ್ನು ಹಿತ್ತಲ ಕಿಟಕಿಗೆ ಎಳೆಸಿಕೊಂಡರು. ಕಿಟಕಿ ಭದ್ರವಾಗಿ ಮುಚ್ಚಿ ನಾನು ದೂರದ ಬೇಲಿಯ ಬಳಿ ನಿಂತು ಹೊಡೆಯುವುದು, ಅವರು ಕೊಕ್ಕೆ ಬೆರಳಿನಿಂದ ಗಾಜು ಬಡಿಯುವುದು. ಒಂದು ಸಲ ಬಡಿದರೆ ಮುಂದುವರಿ, ಎರಡು ಸಲ ಬಡಿದರೆ ಸಾಕು, ನಿಲ್ಲಿಸು.

ಈ ಬೇಸಗೆಯಲ್ಲಿ ನಾನು ನನ್ನೆದೆ ಎತ್ತರದ ರಾಕೆಟ್ಟೊಂದನ್ನು ಕಟ್ಟಿದೆ, ಅದುವರೆಗಿನ ಎಲ್ಲಕ್ಕಿಂತ ದೊಡ್ಡದು. “ಇದಕ್ಕೆ ರಾಣಿ ಬಣ್ಣ. ಮುಗಿಸಿ ತಂದು ತೋರಿಸು, ಆಮೇಲೆ ಹಾರಿಸ್ಕೋ” ಎಂದರು ಚಾಚಾ. ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ಭಾನುವಾರ ಬೆಳಗ್ಗೆ ಬಿಳಿ ಹೊಡೆದೆ. ಸೋಮವಾರ ಮನೆಗೆ ಬಂದ ನರ್ಸು ಬಾಗಿಲ ಬಳಿ ನಿಂತು, ಇನ್ನು ವಾರಗಳ ಮಾತಲ್ಲ, ದಿನಗಳದ್ದು ಎಂದಳು. ಚಾಚಿ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದದ್ದು ಒಂದೇ, ಆ ರಾಕೆಟ್ಟು. ಅದೇ ಸಂಜೆ ನಮ್ಮ ಗ್ಯಾರೇಜಿನಲ್ಲಿ ಬಿಳಿಯ ಮೇಲೆ ರಾಣಿ ಬಣ್ಣ ಹೊಡೆದೆ. ಮೂಸಿ ನೋಡಲೇ ಇಲ್ಲ, ವಾಸನೆ ಇರುತ್ತದೆ ಎಂದು ಗೊತ್ತಿತ್ತು. ಕಣ್ಣೆದುರಿಗೇ ಅದು ಕಾದ ಹಾಲಿನ ಕೆನೆಯಂತೆ ಮೇಲಿಂದ ಕೆಳಗಿನವರೆಗೆ ಸುಕ್ಕುಗಟ್ಟಿತು.

ಮಂಗಳವಾರ ಅದನ್ನೇ ಹಳೆಯ ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಹೋದೆ. ಚಾಚಾರ ಕಣ್ಣು ಆಗಲೇ ಮಂಜಾಗಿತ್ತು, ದೂರದಿಂದ ಬಣ್ಣ ಮಾತ್ರ ಕಂಡೀತು, ಅಷ್ಟು ಸಾಕು ಎಂದುಕೊಂಡಿದ್ದೆ. ಅವರು ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ಕೊಕ್ಕೆ ಬೆರಳು ನಿಧಾನವಾಗಿ ಸುಕ್ಕಿನ ಮೇಲೆ ಹರಿಯಿತು.

“ಎಷ್ಟೊತ್ತು ಬಿಟ್ಟೆ?”

“ಎರಡು ದಿನ ಚಾಚಾ.”

ಅವರು ಬೆರಳು ತೆಗೆಯಲಿಲ್ಲ.

“ಒಂದೂವರೆ,” ಎಂದೆ.

“ಯಾಕೆ?”

ಯಾಕೆ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ತಲೆಗೆ ಸೆರಗೆಳೆದುಕೊಂಡು ಮಂಚದ ಆಚೆಗೆ ಕೂತಿದ್ದ ಚಾಚಿಗೂ ಗೊತ್ತಿತ್ತು. ನಾನು ಅಳತೊಡಗಿದೆ. ಚಾಚಾ ಎರಡು ಉಸಿರು ಒಟ್ಟುಮಾಡಿಕೊಂಡರು.

“ನಾನು ಇರ್ತೀನೋ ಇಲ್ವೋ, ಅದು ಬಣ್ಣಕ್ಕೆ ಗೊತ್ತಾಗಲ್ಲ ಬೇಟಿ. ಉಜ್ಜಿ ತೆಗಿ. ಬಿಳೀಯಿಂದ ಶುರು ಮಾಡು.”

“ಟೈಮಿಲ್ಲ ಚಾಚಾ,” ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಅದಕ್ಕೆ ಎರಡು ದಿನ ಬೇಕೇ ಬೇಕು,” ಎಂದರು ಅವರು, ನಾನು ಹೇಳಿದ್ದು ಕೇಳಿಸದವರಂತೆ.

ಮಂಗಳವಾರ, ಬುಧವಾರ ರಜೆ ಹಾಕಿ ಮರಳು ಕಾಗದದಲ್ಲಿ ಉಜ್ಜಿದೆ. ಉಗುರಿನ ಸಂದಿಯಲ್ಲೆಲ್ಲ ಗುಲಾಬಿ ಪುಡಿ. ಗುರುವಾರ ಬೆಳಗ್ಗೆ ಏಳಕ್ಕೆ ಅವರ ಹಿತ್ತಲ ಬೇಲಿಯ ಬಳಿ ನಿಂತು ಬಿಳಿ ಹೊಡೆದೆ. ಕಿಟಕಿಯಲ್ಲಿ ಒಂದು ಬಡಿತ ಕೇಳಿಸಿತು. ಕಡ್ಡಿ ತಿರುಗಿಸುತ್ತ ಹೊಡೆದೆ. ಮತ್ತೆ ಒಂದು ಬಡಿತ. ಅದರ ಜೊತೆಯ ಎರಡನೆಯದು ಬರುತ್ತದೇನೋ ಎಂದು ತಲೆಯೆತ್ತಿ ನೋಡಿದೆ. ಬೆರಳು ಗಾಜನ್ನು ಮುಟ್ಟಿದ್ದು ಕಂಡಿತು, ಸದ್ದು ಬರಲಿಲ್ಲ. ಸಾಕು ಎಂದು ನಿಲ್ಲಿಸಿದೆ.

ಶುಕ್ರವಾರ ಬೆಳಕು ಹರಿಯುವಾಗ ಚಾಚಾ ಹೋದರು. ಮಧ್ಯಾಹ್ನದ ನಮಾಜಿನ ನಂತರ ಒಣಗುಡ್ಡದ ಮಗ್ಗುಲಿನ ಖಬರಸ್ತಾನದಲ್ಲಿ ಮಣ್ಣು ಮಾಡಿದರು. ನಾನು ಮನೆಯಲ್ಲೇ ಚಾಚಿಯ ಕೈ ಹಿಡಿದು ಕೂತಿದ್ದೆ. ಅವರ ಕೈಗೆ ನನ್ನ ಉಗುರಿನ ಗುಲಾಬಿ ಒಂದಿಷ್ಟು ಹತ್ತಿತು. ಅವರು ಒರೆಸಿಕೊಳ್ಳಲಿಲ್ಲ.

ಸಂಜೆ ಆರಕ್ಕೆ ಮನೆಗೆ ಬಂದು ಗ್ಯಾರೇಜಿನ ಬಾಗಿಲು ಎತ್ತಿದೆ. ನಿನ್ನೆ ಅವರ ಹಿತ್ತಲಿನಿಂದ ತಂದಿಟ್ಟಿದ್ದ ರಾಕೆಟ್ಟು ಕಡ್ಡಿಯ ಮೇಲೆ ಬೆಳ್ಳಗೆ ನಿಂತಿತ್ತು. ಪಕ್ಕದ ಮೇಜಿನ ಮೇಲೆ ರಾಣಿ ಬಣ್ಣದ ಡಬ್ಬಿ. ಎರಡು ದಿನಕ್ಕೆ ಇನ್ನೂ ಹದಿಮೂರು ಗಂಟೆ ಬಾಕಿಯಿತ್ತು. ತೋರಿಸುವುದಕ್ಕೆ ಯಾರೂ ಇರಲಿಲ್ಲ, ಇವತ್ತು ಹೊಡೆದರೂ ಕೇಳುವವರಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ, ಮೂಗನ್ನು ಹತ್ತಿರ ತಂದು ಮೂಸಿದೆ.

ವಾಸನೆ ಇನ್ನೂ ಇತ್ತು. ಬಾಗಿಲು ಇಳಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕಾಯುತ್ತ ಕೂತೆ.