ಕಲ್ಲುಮುಳ್ಳಿಗೆ ಹೋಗುವ ಜೀಪಿಗೆ ಏನು ಹಚ್ಚಬೇಕು

ನಮ್ಮ ಮನೆಯ ಟಿವಿ ರಿಮೋಟಿನ ಪ್ಲಾಸ್ಟಿಕ್ ಹೊದಿಕೆಯನ್ನು ನಾನು ಇವತ್ತಿನವರೆಗೂ ಬಿಚ್ಚಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಳಗಿನ ಅಂಕಿಗಳು ಕಾಣದಷ್ಟು ಅದು ಮಂಕಾಗಿದೆ. ಯಾವ ಗುಂಡಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಿರುವುದರಿಂದ ಸಂಸಾರ ಹೇಗೋ ನಡೆಯುತ್ತಿದೆ. ಶಂಕರಪುರದ ನಮ್ಮ ಮನೆಯಲ್ಲಿ ಮಿಕ್ಸಿಗೆ ಅಂಗಿಯಿದೆ, ಫ್ರಿಜ್ಜಿನ ಹಿಡಿಗೆ ಕವಚವಿದೆ, ಸೋಫಾಕ್ಕೆ ಹೊದಿಕೆಯಿದೆ, ಆ ಹೊದಿಕೆ ಕೊಳೆಯಾಗದಿರಲೆಂದು ಅದರ ಮೇಲೊಂದು ಟವೆಲ್ ಇದೆ. ಇದಕ್ಕೆ ನನ್ನೊಬ್ಬನನ್ನೇ ದೂರಬೇಡಿ. ಮಾಮೂಲ್‌ಪೇಟೆಯಲ್ಲಿ ನಮ್ಮದು ಹೊದಿಕೆಗಳದೇ ಅಂಗಡಿ. ಮಕ್ಕಳ ಪುಸ್ತಕಕ್ಕೆ ಹಾಕುವ ಕಂದು ಕಾಗದ, ಅದರ ಮೇಲೆ ಹಾಕುವ ಪ್ಲಾಸ್ಟಿಕ್ ಹಾಳೆ, ಉಡುಗೊರೆಗೆ ಸುತ್ತುವ ಮಿಂಚಿನ ಪೇಪರು, ಇವನ್ನೇ ಮಾರಿಕೊಂಡು ತಾತನ ಕಾಲದಿಂದ ಊಟ ಮಾಡಿದ್ದೇವೆ.

ಇಂಥ ಮನೆಗೆ ಕಳೆದ ವರ್ಷ ಒಂದು ಜೀಪು ಬಂತು. ತಂದವಳು ನನ್ನ ಹೆಂಡತಿ ಭಾಗ್ಯ. ಅವಳು ಮಾಗಡಿ ಆಚೆಯ ಹಳ್ಳಿಯವಳು, ಲಂಗ ದಾವಣಿಯ ವಯಸ್ಸಿನಲ್ಲೇ ಅಪ್ಪನ ಟ್ರ್ಯಾಕ್ಟರ್ ಹತ್ತಿ ಹೊಲ ಉತ್ತವಳು. ನನ್ನನ್ನು ಮದುವೆಯಾದ ಮೇಲೆ ಇಪ್ಪತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತಳು, ಸ್ಕೂಟರಿನಲ್ಲಿ ಗಾಂಧಿ ಬಜಾರಿಗೂ ಮನೆಗೂ ಓಡಾಡಿದಳು. ಕೆಲಸ ಬಿಟ್ಟಾಗ ಕಾಶಿಗೆ ಹೋಗುತ್ತಾಳೆ ಎಂದು ನಾವೆಲ್ಲ ಅಂದುಕೊಂಡೆವು. ಅವಳು ಕಡು ಹಸಿರು ಬಣ್ಣದ ಜೀಪೊಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದಳು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ತನ್ನಂಥದೇ ಹುಚ್ಚಿನ ನಾಲ್ಕಾರು ಜನರನ್ನು ಕೂಡಿಕೊಂಡು ಬಂಡೆ, ಹಳ್ಳ, ಬತ್ತಿದ ಕೆರೆಯಂಗಳ ಎಲ್ಲವನ್ನೂ ಹತ್ತಿ ಇಳಿದು, ಊಟದ ಹೊತ್ತಿಗೆ ಮನೆಗೆ ಬರುವಳು. ಜೀಪಿನ ಮೈಯೆಲ್ಲ ಕೆಸರು, ಅವಳ ಮುಖವೆಲ್ಲ ನಗು. ಅಷ್ಟು ನಗು ನಾನು ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ.

ನನಗೆ ಮಾತ್ರ ಕಾಣುತ್ತಿದ್ದುದು ಬಣ್ಣ. ಅಂಥ ಹಸಿರು ನೂರು ನಮೂನೆ ಹಾಳೆಗಳನ್ನು ನೋಡಿದ ನನ್ನ ಕಣ್ಣಿಗೂ ಹೊಸದು. ಹಾಗಾಗಿ ಅದರ ಯೋಗಕ್ಷೇಮವನ್ನು ನಾನೇ ವಹಿಸಿಕೊಂಡೆ. ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಹಳೆಯ ಪಂಚೆಯ ತುಂಡು ಹಿಡಿದು ಹೊರಗೆ ಹೋಗುವುದು, ಮುಂದಿನಿಂದ ಹಿಂದಿನವರೆಗೆ ಗುಂಡಗೆ ಗುಂಡಗೆ ಉಜ್ಜುತ್ತ ರಾತ್ರಿ ಕೂತ ಧೂಳನ್ನೆಲ್ಲ ತೆಗೆಯುವುದು. ತೊಳೆದೂ ತೊಳೆದೂ ಬೆಣ್ಣೆಯಂತಾದ ಹಳೇ ಪಂಚೆಗಿಂತ ಮೆತ್ತಗಿನ ಬಟ್ಟೆ ಲೋಕದಲ್ಲಿ ಇಲ್ಲವೆಂದು ನಾನು ಮಾತ್ರವಲ್ಲ, ನಮ್ಮ ಕಡೆಯ ಎಲ್ಲರೂ ನಂಬಿದ್ದಾರೆ. ಹಸುಗೂಸನ್ನು ಅದರಲ್ಲೇ ಸುತ್ತುತ್ತೇವೆ, ದೇವರ ಪಟವನ್ನು ಅದರಲ್ಲೇ ಒರೆಸುತ್ತೇವೆ, ಕನ್ನಡಕವನ್ನಂತೂ ಉಟ್ಟ ಪಂಚೆಯ ಚುಂಗಿನಲ್ಲೇ ತಿಕ್ಕುತ್ತೇವೆ.

ಇಷ್ಟು ಆರೈಕೆ ಮಾಡಿದರೂ ಜೀಪಿನ ಮೈಮೇಲೆ ಗೀರು ಮೂಡತೊಡಗಿತು. ಬಿಸಿಲು ಬಿದ್ದಾಗ ಬಾನೆಟ್ಟಿನ ಮೇಲೆ ಜೇಡರ ಬಲೆ ಹರಡಿದ ಹಾಗೆ ಸಣ್ಣ ಸಣ್ಣ ಗೆರೆಗಳು. ನಾನು ಭಾಗ್ಯಳಿಗೆ ಒಂದು ಮಾತೂ ಅನ್ನಲಿಲ್ಲ, ಇದನ್ನು ದೇವರಾಣೆಗೂ ಹೇಳುತ್ತೇನೆ. ಆದರೆ ಮಾತಾಡದೆ ಆಡಬಹುದಾದ್ದೆಲ್ಲ ಆಡಿದೆ. ಅವಳು ಬಂದು ಇಂಜಿನ್ ಆರಿಸುವ ಮೊದಲೇ ಕನ್ನಡಕ ಸರಿಮಾಡಿಕೊಂಡು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುವುದು, ಒಂದು ಕಡೆ ಬಗ್ಗಿ ನಿಲ್ಲುವುದು, ಹೆಬ್ಬೆರಳಿನಿಂದ ತೀಡುವುದು, ನಿಟ್ಟುಸಿರು ಬಿಡುವುದು. 'ಮುಳ್ಳಿರತ್ತೆ ಅಲ್ವಾ' ಎಂದು ಗಾಳಿಗೆ ಹೇಳುವುದು. ಗಂಡಂದಿರಲ್ಲಿ ಬಯ್ಯುವವರು ಒಳ್ಳೆಯವರು, ಬೈಸಿಕೊಂಡವರು ತಿರುಗಿ ಬಯ್ಯಬಹುದು. ನಿಟ್ಟುಸಿರು ಬಿಡುವವನಿಗೆ ಏನು ಉತ್ತರ ಕೊಡುವುದು?

ಆಮೇಲೆ ಒಂದು ಭಾನುವಾರ ಭಾಗ್ಯ ಹೋಗಲಿಲ್ಲ. ಮಂಡಿ ನೋವು ಎಂದಳು. ಮುಂದಿನ ವಾರ ಯಾರದೋ ಗೃಹಪ್ರವೇಶ. ಅದರ ಮುಂದಿನ ವಾರ ಕಾರಣವನ್ನೂ ಹೇಳದೆ ಅವರೆಕಾಯಿ ಸುಲಿಯುತ್ತ ಕೂತಳು. ಅವತ್ತು ಮಧ್ಯಾಹ್ನ ತನ್ನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. "ಕೊಟ್ಬಿಡೋಣ ಅಂದ್ಕೊಂಡಿದೀನಿ ಕಣೇ. ಒಂದು ಗೀರು ಬಿದ್ರೂ ಇವರ ಮುಖ ನೋಡಕ್ಕಾಗಲ್ಲ."

ನಾನು ಪೇಪರು ಹಿಡಿದು ಕೂತೇ ಇದ್ದೆ, ಏನು ಓದಿದೆನೆಂದು ಕೇಳಿದರೆ ಹೇಳಲಾರೆ. ಮದುವೆಯಾದಾಗಿನಿಂದ ಅವಳು ತನಗೆಂದು ಕೇಳಿದ್ದು, ಕೇಳಿದ್ದೂ ಅಲ್ಲ, ತಾನೇ ತಂದುಕೊಂಡದ್ದು ಇದೊಂದೇ. ಅದನ್ನು ನನ್ನ ಮುಖ ಕಿತ್ತುಕೊಳ್ಳುತ್ತಿದೆ ಎಂದು ತಿಳಿದಾಗ ನಾಚಿಕೆಯಾಯಿತು. ಆದರೆ ಹೊದಿಕೆ ಮಾರುವವನ ಬುದ್ಧಿ ಎಲ್ಲಿಗೆ ಓಡುತ್ತದೆ ಹೇಳಿ. ಮುಖ ಬದಲಾಯಿಸಿಕೊಳ್ಳಬೇಕು ಎಂದು ಹೊಳೆಯಲಿಲ್ಲ. ಜೀಪಿಗೇ ಏನಾದರೂ ಹೊದಿಸಿಬಿಟ್ಟರೆ ಗೀರೂ ಬೀಳುವುದಿಲ್ಲ, ಅವಳೂ ನಿಶ್ಚಿಂತೆಯಿಂದ ಹೋಗಿ ಬರುತ್ತಾಳೆ ಎಂದು ಹೊಳೆಯಿತು.

ಒಂದು ವಾರ ಅಂಗಡಿಯ ಗಲ್ಲಾದ ಮೇಲೆ ಕೂತು ಫೋನಿನಲ್ಲಿ ಅದನ್ನೇ ನೋಡಿದೆ. ಗಾಡಿಯ ಬಣ್ಣ ಕಾಯಲು ಮುಖ್ಯವಾಗಿ ಮೂರು ದಾರಿಗಳಿವೆಯಂತೆ. ಒಂದು, ಮೈಗೆಲ್ಲ ದಪ್ಪನೆಯ ಪಾರದರ್ಶಕ ಫಿಲ್ಮು ಅಂಟಿಸುವುದು. ಇದು ನಮ್ಮ ಅಂಗಡಿಯ ಪುಸ್ತಕದ ಹೊದಿಕೆಯ ದೊಡ್ಡಣ್ಣ, ಹಾಗಾಗಿ ನನಗೆ ನೋಡಿದ ಕೂಡಲೇ ಪ್ರೀತಿ ಹುಟ್ಟಿತು. ಕಲ್ಲು ಸಿಡಿದರೂ ತಡೆಯುತ್ತದೆ, ಆದರೆ ಅಂಟಿಸುವುದು ಪಳಗಿದವರ ಕೆಲಸ. ಹೊಸಬರು ಕೈಹಾಕಿದರೆ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ. ಎರಡನೆಯದು ಸೆರಾಮಿಕ್ ಕೋಟಿಂಗ್, ಹಚ್ಚಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ. ನೀರೂ ಕೆಸರೂ ನಿಲ್ಲದೆ ಜಾರಿ ಹೋಗುತ್ತವೆ. ಆದರೆ ಹಚ್ಚುವ ಮೊದಲು ಮೈ ಚೊಕ್ಕವಾಗಿರಬೇಕು, ಒರೆಸುವುದು ಎರಡು ನಿಮಿಷ ತಡವಾದರೂ ಕಲೆ ಹಾಗೇ ಉಳಿಯುತ್ತದೆ, ಮುಳ್ಳು ಗೀಚಿದರೆ ಅದೂ ಗೀಚಿಸಿಕೊಳ್ಳುತ್ತದೆ. ಮೂರನೆಯದು ಮೇಣ. ನೆರಳಲ್ಲಿ ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ಹಚ್ಚಿ, ಒರೆಸುವುದು. ತಪ್ಪಾದರೆ ಇನ್ನೊಮ್ಮೆ ಒರೆಸುವುದು. ಎರಡು ಮೂರು ತಿಂಗಳಿಗೆ ಅದು ಹೋಗಿಬಿಡುತ್ತದೆ, ಮತ್ತೆ ಹಚ್ಚಬೇಕು. ನನಗೆ ಮೇಣದ ಬಗ್ಗೆ ಅಸಡ್ಡೆ ಬಂತು. ಮೂರು ತಿಂಗಳಿಗೆ ಹೋಗುವುದೂ ಒಂದು ರಕ್ಷಣೆಯಾ ಎಂದುಕೊಂಡೆ.

ಫಿಲ್ಮನ್ನೇ ಹಾಕಿಸುವುದೆಂದು ತೀರ್ಮಾನಿಸಿ, ಭಾಗ್ಯಳಿಗೆ ಸರ್ವೀಸು ಮಾಡಿಸುತ್ತೇನೆ ಎಂದು ಸುಳ್ಳು ಹೇಳಿ, ಒಂದನೇ ಗೇರಿನಲ್ಲೇ ಚಾಮರಾಜಪೇಟೆಯವರೆಗೆ ಜೀಪು ಓಡಿಸಿಕೊಂಡು ಇಮ್ತಿಯಾಜ್ ಅವರ ಶೆಡ್ಡಿಗೆ ಹೋದೆ. ಗಾಡಿಗಳಿಗೆ ಬಣ್ಣ, ಪಾಲಿಶು ಮಾಡುವುದರಲ್ಲಿ ತಲೆ ನರೆತವರು ಅವರು. ಜೀಪನ್ನು ಒಳಗೆ ನಿಲ್ಲಿಸಿ, ಕೈಯಲ್ಲೊಂದು ಲೈಟು ಹಿಡಿದು, ಬಾನೆಟ್ಟಿನಿಂದ ಹಿಂಬಾಗಿಲವರೆಗೆ ಡಾಕ್ಟರು ಎದೆ ನೋಡಿದ ಹಾಗೆ ನಿಧಾನವಾಗಿ ನೋಡಿದರು. ಬಾಗಿಲ ಮೇಲಿನ ನಾಲ್ಕು ಉದ್ದ ಗೆರೆಗಳನ್ನು ತೋರಿಸಿ, ಇವು ಮುಳ್ಳಿನವು, ಮೇಲುಮೇಲಿನವು, ಪಾಲಿಶ್ ಕೊಟ್ಟರೆ ಹೋಗುತ್ತವೆ ಎಂದರು. ಆಮೇಲೆ ಬಾನೆಟ್ಟಿಗೆ ಲೈಟು ಹಿಡಿದು ನನ್ನನ್ನು ಹತ್ತಿರ ಕರೆದರು.

"ಇದು ಮುಳ್ಳಲ್ಲ ಸಾರ್. ಮುಳ್ಳು ಉದ್ದಕ್ಕೆ ಗೀಚತ್ತೆ. ಇದು ನೋಡಿ, ಪೂರ್ತಿ ರೌಂಡ್ ರೌಂಡು. ಧೂಳಿನ ಮೇಲೇ ಒಣಬಟ್ಟೆ ಹಾಕಿ ದಿನಾ ಉಜ್ಜಿದಾರೆ. ಮನೇಲಿ ಯಾರು ಒರೆಸೋದು?"

ಒಬ್ಬನನ್ನು ಇಟ್ಟುಕೊಂಡಿದ್ದೇವೆ ಎಂದೆ.

"ಅವನನ್ನ ಮೊದಲು ಬಿಡ್ಸಿ ಸಾರ್" ಎಂದರು ಇಮ್ತಿಯಾಜ್.

ಬಟ್ಟೆ ಎಷ್ಟು ಮೆತ್ತಗಿದ್ದರೇನು, ಗೀಚುವುದು ಬಟ್ಟೆಯಲ್ಲ, ಅದರಡಿ ಸಿಕ್ಕಿಕೊಂಡ ಮಣ್ಣಿನ ಕಣ ಎಂದು ಅವರು ಬಿಡಿಸಿ ಹೇಳಿದರು. ಮೊದಲು ನೀರು ಬಿಟ್ಟು ಮಣ್ಣು ತಾನಾಗಿ ಇಳಿಯುವಂತೆ ಮಾಡಬೇಕು, ಆಮೇಲೆ ಸೋಪಿನ ನೀರು, ಆಮೇಲಷ್ಟೇ ಬಟ್ಟೆ, ಅದೂ ಒದ್ದೆಯದು. ನಾನು ಆ ಇಟ್ಟುಕೊಂಡವನ ಪರವಾಗಿ ತಲೆಯಾಡಿಸಿದೆ. ಒಂದು ವರ್ಷದಿಂದ ಬಂಡೆಯೂ ಹಳ್ಳವೂ ಮಾಡದ ಕೆಲಸವನ್ನು ಶಂಕರಪುರದ ನೆರಳಲ್ಲಿ ನಿಂತು ನಾನು ಮಾಡಿದ್ದೆ, ನಿಟ್ಟುಸಿರನ್ನು ಮಾತ್ರ ಅವಳ ಲೆಕ್ಕಕ್ಕೆ ಬಿಟ್ಟಿದ್ದೆ.

ಫಿಲ್ಮಿನ ಮಾತೆತ್ತಿದಾಗ ಇಮ್ತಿಯಾಜ್ ನಕ್ಕರು. ಚಕ್ರದ ಹಿಂದೆ ಕಲ್ಲು ಸಿಡಿಯುವ ಕೆಳಭಾಗಕ್ಕೆ ಮಾತ್ರ ತಾನೇ ಒಂದೊಂದು ಪಟ್ಟಿ ಅಂಟಿಸಿಕೊಡುತ್ತೇನೆ, ಉಳಿದದ್ದಕ್ಕೆ ಮೇಣ ಸಾಕು ಎಂದರು. ಕಾಡಿಗೆ ಹೋಗುವ ಗಾಡಿ ಹೇಗೂ ಗೀಚಿಸಿಕೊಳ್ಳುತ್ತದೆ, ಹೊಸಬರು ಕೈಯಾರೆ ಮತ್ತೆ ಮತ್ತೆ ಮಾಡಿಕೊಳ್ಳಬಹುದಾದ್ದೇ ಒಳ್ಳೆಯದು ಎಂಬುದು ಅವರ ವಾದ. ನಾನು ಯೋಚಿಸುತ್ತ ನಿಂತೆ. ನಮ್ಮಮ್ಮ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದಳು. ಬೀದಿಗೆ ಕಲಾಯಿಯವನು ಬಂದಾಗಲೆಲ್ಲ ಅದೇ ಪಾತ್ರೆ, ಮತ್ತೆ ಹೊಸ ಕಲಾಯಿ. ದೋಸೆ ಕಾವಲಿಗೆ ಒಂದೊಂದು ದೋಸೆಗೂ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುತ್ತೇವೆ. ಶನಿವಾರ ತಲೆಗೆ ಹಚ್ಚಿಕೊಂಡ ಎಣ್ಣೆ ಮುಂದಿನ ಶನಿವಾರಕ್ಕೆ ನಿಲ್ಲುವುದಿಲ್ಲವೆಂದು ಯಾರೂ ಹಚ್ಚಿಕೊಳ್ಳುವುದನ್ನು ಬಿಟ್ಟಿಲ್ಲ. ದಿನಾ ಬಳಸುವ ಯಾವುದನ್ನೂ ನಮ್ಮ ಮನೆಗಳಲ್ಲಿ ಒಂದೇ ಸಲಕ್ಕೆ ಕಾಪಾಡಿ ಮುಗಿಸಿದ್ದಿಲ್ಲ. ಜೀಪನ್ನು ಪಾಲಿಶಿಗೆ ಬಿಟ್ಟು, ಮೇಣದ ಡಬ್ಬಿ ತೆಗೆದುಕೊಂಡೆ.

ಎರಡು ದಿನದ ಮೇಲೆ ಹೊಳೆಯುವ ಜೀಪನ್ನು ಮನೆಗೆ ತಂದು, ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ ಭಾಗ್ಯಳಿಗೆ ಎಲ್ಲವನ್ನೂ ಹೇಳಿದೆ. ಸರ್ವೀಸಿನ ಸುಳ್ಳು, ಇಮ್ತಿಯಾಜರ ಲೈಟು, ಒಣಬಟ್ಟೆ. ಬಾನೆಟ್ಟಿನ ಗೀರೆಲ್ಲ ನಂದೇ, ನಿಂದಲ್ಲ ಎಂದೆ. ಅವಳಿಗೆ ಆಶ್ಚರ್ಯವಾಗುತ್ತದೆ, ಆಮೇಲೆ ಕೋಪ ಬರುತ್ತದೆ ಎಂದು ಎದುರು ನೋಡಿದ್ದೆ. ಅವಳು ಕಾಫಿ ಮುಗಿಸಿ ಲೋಟ ಪಕ್ಕಕ್ಕಿಟ್ಟಳು.

"ನಂಗೊತ್ತಿತ್ತು" ಎಂದಳು. "ಅಪ್ಪ ಟ್ರ್ಯಾಕ್ಟರನ್ನ ಒಣಬಟ್ಟೇಲಿ ಮುಟ್ಟಕ್ಕೆ ಬಿಡ್ತಿರ್ಲಿಲ್ಲ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಒರೆಸ್ತಾ ಹಾಡ್ಕೋತಿದ್ರಲ್ಲ. ನೀವು ಹಾಡಿದ್ದು ನಾನು ಯಾವತ್ತೂ ಕೇಳಿರ್ಲಿಲ್ಲ ಕಣ್ರೀ."

ನಾನು ಹಾಡುತ್ತಿದ್ದೆನೆಂಬುದು ನನಗೆ ತಿಳಿದದ್ದು ಆವಾಗಲೇ. ನನ್ನ ಸಂತೋಷ ಕೆಡಬಾರದೆಂದು ಇವಳು ತನ್ನ ಸಂತೋಷವನ್ನೇ ಮಾರಲು ಹೊರಟಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಜೋಪಾನ ಮಾಡಿದ್ದೆವೆಂದರೆ, ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಜೀಪೇ ಇರುತ್ತಿರಲಿಲ್ಲ. ಅವತ್ತು ಸಂಜೆ ನೆರಳಲ್ಲಿ ನಿಂತು ಇಬ್ಬರೂ ಸೇರಿ ಮೇಣ ಹಚ್ಚಿದೆವು. ಎರಡು ಕಡೆ ಬೆಳ್ಳಗೆ ಉಳಿದುಬಿಟ್ಟಿತು. ಮತ್ತೆ ಒರೆಸಿದೆವು, ಹೋಯಿತು.

ಆ ಭಾನುವಾರ ಮೊದಲ ಸಲ ನಾನೂ ಅವಳ ಪಕ್ಕದಲ್ಲಿ ಕೂತು ಹೋದೆ. ಮಾಗಡಿ ದಾಟಿ, ಟಾರು ಮುಗಿದು, ಎರಡೂ ಕಡೆ ಲಾಂಟಾನ ಪೊದೆ ಒತ್ತಿಕೊಂಡ ಒಂದು ಕಿರುದಾರಿ. ಒಣಗಿದ ಕೊಂಬೆಯೊಂದು ನನ್ನ ಬಾಗಿಲನ್ನು ಹಿಡಿದು ಹಿಂದಿನವರೆಗೂ ಕಿರ್ರೆಂದು ಎಳೆದುಕೊಂಡು ಹೋಯಿತು. ಭಾಗ್ಯಳ ಕಾಲು ಬ್ರೇಕಿನ ಮೇಲೆ ಹೋಯಿತು. ಅವಳು ಕನ್ನಡಿಯಲ್ಲಿ ಗೀರನ್ನು ನೋಡಲಿಲ್ಲ, ನೇರವಾಗಿ ನನ್ನ ಮುಖ ನೋಡಿದಳು. ಒಂದು ವರ್ಷದಿಂದ ಗೀರು ಬಿದ್ದಾಗಲೆಲ್ಲ, ನಾನು ಪಕ್ಕದಲ್ಲಿ ಇಲ್ಲದಿದ್ದರೂ, ಅವಳ ಕಣ್ಣ ಮುಂದೆ ಮೊದಲು ಬಂದದ್ದು ಇದೇ ಮುಖ ಇರಬೇಕು. ಕನ್ನಡಕ ಸರಿಮಾಡಿಕೊಳ್ಳಲು ಎತ್ತಿದ್ದ ಕೈಯನ್ನು ಇಳಿಸಿದೆ.

"ನಿಲ್ಲಿಸ್ಬೇಡ, ಹೋಗು" ಎಂದೆ.

ಅವಳು ಇನ್ನೊಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಗೇರು ಬದಲಾಯಿಸಿ, ದಾರಿ ನೋಡತೊಡಗಿದಳು.