ಡೀಸೆಲ್ ಟ್ಯಾಂಕಿನ ಮುಚ್ಚಳ

ಅಣ್ಣನ ಕೊನೆಯ ಸಂತೆ ನರಗುಂದದ್ದು. ಅಂದು ಒಬ್ಬ ಹೆಂಗಸು ಹಿಂದಿನ ವಾರ ಒಯ್ದಿದ್ದ ಸೀರೆಯನ್ನು ವಾಪಸು ತಂದು ನಮ್ಮ ಗಂಟಿನ ಮೇಲೆ ಒಗೆದಳು.

"ಮೂಸಿ ನೋಡ್ರಿ," ಅಂದಳು. "ಇದನ್ನ ಉಟ್ಕೊಂಡು ಒಲಿ ಮುಂದ ಕುಂತ್ರ ರೊಟ್ಟಿ ಜೋಡಿ ನಾನೂ ಸುಟ್ಟು ಹೋಗ್ತೀನಿ."

ಅಣ್ಣ ಸೀರೆಯನ್ನು ಮೂಗಿಗೆ ಹಿಡಿದ. "ಡೀಸೆಲ್ ಅಲ್ರಿ ಅಕ್ಕಾರ, ಅತ್ತರ ಅದು."

"ಹೌದ್ರಿ? ಹಂಗಾದ್ರ ನಿಮ್ಮ ಹೆಂಡ್ತಿಗೆ ಉಡಸ್ರಿ."

ಸುತ್ತ ನಿಂತವರೆಲ್ಲ ನಕ್ಕರು. ಅಣ್ಣನೂ ನಕ್ಕು ಬೇರೆ ಸೀರೆ ತೆಗೆದುಕೊಟ್ಟ.

ನಾವು ಗಜೇಂದ್ರಗಡದ ನೇಕಾರರು. ಮನೆಯ ಮಗ್ಗದ ಸೀರೆಗಳ ಜೊತೆಗೆ ನೆರೆಯವರ ಸೀರೆಗಳನ್ನೂ ಒಂದು ಹಳೆಯ ಡೀಸೆಲ್ ಜೀಪಿನಲ್ಲಿ ಹೇರಿಕೊಂಡು ರೋಣ, ನರಗುಂದದ ಸಂತೆಗಳಿಗೆ ಹೋಗುತ್ತಿದ್ದೆವು. ಓಡಿಸುವವನು ಅಣ್ಣ, ಪಕ್ಕದಲ್ಲಿ ಕೂರುವವನು ನಾನು. ಟ್ಯಾಂಕು ಅಣ್ಣನ ಸೀಟಿನ ಕೆಳಗೇ ಇತ್ತು. ಅದರ ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಒಂದು ತೂತು. ಗಾಡಿ ತಗ್ಗಿನಲ್ಲಿ ಎತ್ತಿ ಹಾಕಿದಾಗಲೆಲ್ಲ ಅಲ್ಲಿಂದ ಡೀಸೆಲ್ ಜಿನುಗುತ್ತಿತ್ತು. ಅದರ ವಾಸನೆ ಸೀರೆಯ ಮಡಿಕೆಗಳಿಗೆ ಹತ್ತಿಕೊಳ್ಳುತ್ತಿತ್ತು.

ಸಂಜೆ ಮನೆಗೆ ಬಂದಾಗ ಅವ್ವ ನೂಲಿಗೆ ಹಚ್ಚುವ ಗಂಜಿ ಕಾಸುತ್ತಿದ್ದಳು. ನಮ್ಮ ಮನೆಯಲ್ಲಿ ಏನು ಹರಿದರೂ ಏನು ಸೀಳಿದರೂ ಅವ್ವನ ಮದ್ದು ಒಂದೇ. ಬಟ್ಟೆಯ ಚೂರಿಗೆ ಗಂಜಿ ಸವರಿ ಅಂಟಿಸುವುದು. ಮೊರದ ತೂತು, ಕಿಟಕಿಯ ಬಿರುಕು, ನನ್ನ ಸಾಲೆಯ ಪುಸ್ತಕದ ಬೆನ್ನು, ಎಲ್ಲಕ್ಕೂ ಅದೇ. ಅಣ್ಣ ನರಗುಂದದ ಹೆಂಗಸಿನ ಮಾತನ್ನು ಅವಳ ದನಿಯಲ್ಲೇ ಆಡಿ ತೋರಿಸಿದ. ಅಣ್ಣನ ಹೆಂಡತಿ, ನನ್ನ ವೈನಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ನಗಲಿಲ್ಲ.

"ಅಷ್ಟು ಚಂದ ನೇದ ಸೀರಿ," ಎಂದಷ್ಟೇ ಅಂದಳು.

ಮರುದಿನ ರೋಣದ ಸಂತೆ. ನನಗೆ ಮಗ್ಗದ ಕೆಲಸವಿತ್ತು, ಅಣ್ಣ ಒಬ್ಬನೇ ಹೋದ. ಮಧ್ಯಾಹ್ನ ಕಡಲೆ ಹೊಲಕ್ಕೆ ಹೊರಟವರು ಅವನನ್ನು ಕಂಡರು. ರೋಣದ ರಸ್ತೆಯ ಒಂದು ತಿರುವಿನಲ್ಲಿ ಜೀಪು ದಾರಿಯ ಮಗ್ಗುಲಿಗೆ ನಿಂತಿತ್ತು. ಅಣ್ಣ ಹಿಂದಿನ ಗಾಲಿಗೆ ಒರಗಿ ಕೂತಿದ್ದ. ಯಾರನ್ನೋ ಕಾಯುತ್ತ ಕೂತವನ ಹಾಗೆ ಇದ್ದ ಎಂದು ಅವರು ಹೇಳಿದರು. ಹೃದಯ ನಿಂತು ಹೋಗಿದೆ ಎಂದು ದವಾಖಾನೆಯಲ್ಲಿ ಹೇಳಿದರು. ಸೀರೆಯ ಗಂಟುಗಳು ಕಟ್ಟಿದಂತೆಯೇ ಇದ್ದವು. ಕೀಲಿ ಅದರ ಜಾಗದಲ್ಲೇ ಇತ್ತು. ಟ್ಯಾಂಕಿನ ಬಾಯಿ ತೆರೆದಿತ್ತು. ಮುಚ್ಚಳ ಇರಲಿಲ್ಲ.

"ಅಲ್ಲಿ ಯಾಕ ಇಳಿದ್ರು?" ಎಂದು ವೈನಿ ಕೇಳಿದಳು. ಅಂದು ಕೇಳಿದಳು, ಮಣ್ಣು ಮಾಡಿ ಬಂದ ಮೇಲೆ ಕೇಳಿದಳು, ಮುಂದೆಯೂ ಕೇಳುತ್ತಲೇ ಇದ್ದಳು. ಅಣ್ಣ ಚಹಾ ಸಿಗದ ಕಡೆ ಗಾಡಿಯಿಂದ ಕಾಲು ಕೆಳಗಿಡುವವನಲ್ಲ. ಆ ತಿರುವಿನಲ್ಲಿ ಒಂದು ಬೇವಿನ ಗಿಡ ಬಿಟ್ಟರೆ ಎರಡೂ ಕಡೆ ಬರೀ ಎರೆ ಹೊಲ.

ಮಾತಾಡಿಸಲು ಬಂದವರಲ್ಲಿ ಒಬ್ಬ ಮುದುಕಿ, "ಆ ತಿರುವು ಚಲೋ ಅಲ್ಲವಾ," ಅಂದಳು. "ಬಿಸಲೊಳಗ ಅಲ್ಲಿ ಹೆಸರ ಹಿಡದು ಕರೀತಾವು. ಗುರ್ತಿನವರ ದನಿಯೊಳಗ ಕರೀತಾವು."

ಅವಳು ಹೋದ ಮೇಲೆ ವೈನಿ ನನ್ನನ್ನು ಪಡಸಾಲೆಗೆ ಕರೆದಳು. "ನನ್ನ ದನಿಯೊಳಗ ಕರದಿರಬೇಕೇನು?" ಎಂದು ಮೆಲ್ಲಗೆ ಕೇಳಿದಳು. "ಬ್ಯಾರೆ ಯಾರ ದನಿಗೂ ಅವರು ಇಳದವರಲ್ಲ." ಆಮೇಲೆ ಅವಳು ಜೋರಾಗಿ ಮಾತಾಡುವುದನ್ನೇ ಬಿಟ್ಟಳು. ಮಕ್ಕಳನ್ನು ಊಟಕ್ಕೆ ಕರೆಯಬೇಕಾದರೂ ಎದ್ದು ಹೋಗಿ ಭುಜ ಮುಟ್ಟುತ್ತಿದ್ದಳು.

ಸೂತಕದ ದಿನಗಳು ಮುಗಿದ ಮೇಲೆ ಟ್ಯಾಂಕಿಗೆ ಅಂಥದೇ ತೂತಿನ ಹೊಸ ಮುಚ್ಚಳ ತಂದು ಹಾಕಿ, ಜೀಪು ಓಡಿಸಲು ಕಲಿತೆ. ಊರೊಳಗೆ ತಕರಾರಿಲ್ಲದೆ ಓಡಿತು. ಮೊದಲ ಸಲ ಸೀರೆ ಹೇರಿಕೊಂಡು ರೋಣಕ್ಕೆ ಹೊರಟ ದಿನ ಬೇವಿನ ಗಿಡ ಕಾಣಿಸಿದಾಗ ನಾನು ವೇಗ ಹೆಚ್ಚಿಸಿದೆ. ಎಂಜಿನ್ ಒಮ್ಮೆ ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿತು, ಸುಮ್ಮನಾಯಿತು. ಗಾಡಿ ತಾನಾಗಿಯೇ ಉರುಳಿ ಅದೇ ತಿರುವಿನಲ್ಲಿ ನಿಂತಿತು.

ಕೀಲಿ ತಿರುವಿದೆ. ಎಂಜಿನ್ ಗರಗರ ಸುತ್ತಿತು, ಹೊತ್ತಿಕೊಳ್ಳಲಿಲ್ಲ. ಬಾನೆಟ್ ಎತ್ತಿ ಹ್ಯಾಂಡ್ ಪಂಪ್ ಒತ್ತಿದೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಎಂಜಿನ್ನಿಗೆ ಕಳಿಸುವ ಹೆಬ್ಬೆರಳು ಗಾತ್ರದ ಗುಂಡಿ ಅದು. ಒತ್ತಿದರೆ ಮೇಲೆ ಪುಟಿಯಬೇಕು. ಪುಟಿಯಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಂತೆ ಕೆಳಗೇ ಉಳಿಯಿತು. ನಾನು ಕೈ ತೆಗೆದು ದೂರ ಸರಿದು ನಿಂತೆ. ದೂರದಲ್ಲಿ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನಾನಿದ್ದಲ್ಲಿ ಗಾಳಿ ಇರಲಿಲ್ಲ, ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ, ಯಾರೂ ಮುಟ್ಟದೆಯೇ, ಆ ಗುಂಡಿ ನಿಧಾನಕ್ಕೆ ಮೇಲೆ ಬಂತು. ಕೀಲಿ ತಿರುವಿದರೆ ಗಾಡಿ ಹೊರಟಿತು.

ರೋಣದ ಮೇಸ್ತ್ರಿಗೆ ತೋರಿಸಿದೆ. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಅವರು ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಕಡ್ಡಿ ಇಳಿಬಿಟ್ಟು ಡೀಸೆಲ್ ಎಷ್ಟಿದೆ ನೋಡಿದರು. ಪೈಪು ಬಿಚ್ಚಿ ಬಾಯಿಂದ ಊದಿದರು, ಟ್ಯಾಂಕಿನೊಳಗೆ ಗುಳುಗುಳು ಸದ್ದಾಯಿತು. ಫಿಲ್ಟರ್ ಹೊಸದು ಹಾಕಿದರು. ಹ್ಯಾಂಡ್ ಪಂಪ್ ಒತ್ತಿದರೆ ಟಪ್ಪನೆ ಪುಟಿಯಿತು.

"ಇಲ್ಲಿ ಬಂದ್ರ ಸಣ್ಣ ಕೂಸಿನಂಗ ಇರ್ತೈತಲ್ಲೋ," ಅಂದರು ಚಾಚಾ. "ಗಾಡಿಗೆ ಏನೂ ಆಗಿಲ್ಲ. ನಿನಗ ಹೆದರಿಕಿ ಆಗೇತಿ."

"ಹೆದರಿಕಿ ನನಗಾದ್ರ ಗಾಡಿ ಯಾಕ ನಿಲ್ತೈತ್ರಿ ಚಾಚಾ?"

"ಹಂಗಾರ ಗಾಡಿಗೂ ಆಗಿರಬೇಕು." ಅವರು ನಗುತ್ತಲೇ ಹೇಳಿದರು. ಆದರೆ ಜೊತೆಗೆ ಆ ತಿರುವಿನ ತನಕ ಬನ್ನಿ ಎಂದಾಗ, ಮಗಳ ಮನೆಗೆ ಹೋಗುವುದಿದೆ ಎಂದರು.

ಮುಂದಿನ ಸಂತೆಗೆ ಮತ್ತೆ ಅಲ್ಲೇ ನಿಂತಿತು. ಆ ವಿಷಯ ಮನೆಯಲ್ಲಿ ಮುಚ್ಚಿಡಲಾಗಲಿಲ್ಲ. ವೈನಿ, "ಗಾಡಿ ಮಾರಿ ಬಿಡ್ರಿ," ಅಂದಳು. "ಅವರು ಅಲ್ಲೇ ಅದಾರ. ನಿಮ್ಮನ್ನೂ ಇಳಸ್ತಾರ." ಸಂತೆಯ ಮಂದಿಯನ್ನೆಲ್ಲ ನಗಿಸಿ ಸೀರೆ ಮಾರುತ್ತಿದ್ದ ನನ್ನ ಅಣ್ಣನಿಗೆ ಅವನ ಹೆಂಡತಿಯೇ ಹೆದರುತ್ತಿದ್ದಳು. ನನಗೆ ಗಾಡಿಗಿಂತ ಅದೇ ಸಹಿಸಲಾಗಲಿಲ್ಲ.

ಅದಕ್ಕೆ ಮೂರನೆಯ ಸಲ ಸೀರೆ ಹೇರದೆ, ನಟ್ಟು ಬಿಚ್ಚುವ ಪಾನಾ ಮಾತ್ರ ಇಟ್ಟುಕೊಂಡು, ಗಾಡಿ ನಿಲ್ಲಲಿ ಎಂದೇ ಹೋದೆ. ಬಿಸಿಲು ನೆತ್ತಿಗೆ ಬಂದಿತ್ತು. ಬೇವಿನ ಗಿಡದ ಹತ್ತಿರ ಎಂಜಿನ್ ಮುಗ್ಗರಿಸಿ ನಿಂತಿತು. ಹ್ಯಾಂಡ್ ಪಂಪ್ ಒತ್ತಿದೆ, ಮತ್ತೆ ಕೆಳಗೇ ಉಳಿಯಿತು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದೆ. ಎಲ್ಲಾದರೂ ಪೈಪಿನೊಳಗೆ ಗಾಳಿ ಸೇರಿದ್ದರೆ ಅಲ್ಲಿ ನೊರೆ ಬರಬೇಕು. ನೊರೆಯೂ ಇಲ್ಲ, ಡೀಸೆಲ್ಲೂ ಇಲ್ಲ. ಅಂದರೆ ತೊಂದರೆ ಇನ್ನೂ ಹಿಂದೆ, ಟ್ಯಾಂಕಿನ ಕಡೆ. ಪಂಪಿಗೆ ಬರುವ ಪೈಪನ್ನು ಬಿಚ್ಚಿ ಅದರ ಬಾಯಿಗೆ ಬೆರಳಿಟ್ಟೆ.

ಪೈಪು ನನ್ನ ಬೆರಳನ್ನು ಎಳೆಯಿತು. ಎಳೆಗೂಸು ಬಾಯಿಂದ ಹಿಡಿಯುವಂತೆ, ಬಿಡದೆ ಎಳೆಯಿತು.

ಓಡಿಬಿಡಬೇಕೆನಿಸಿತು. ಆದರೂ ಬೆರಳು ತೆಗೆಯಲಿಲ್ಲ. ಡೀಸೆಲ್ ಕೊಡಬೇಕಾದ ಟ್ಯಾಂಕು ಗಾಳಿ ಬೇಡುತ್ತಿದೆ ಎಂದು ಹೊಳೆದದ್ದು ಆಗ. ಪೈಪಿನ ಬಾಯಿಗೆ ಬಟ್ಟೆ ತುರುಕಿ, ಗಾಡಿ ಸುತ್ತಿ ಬಂದು, ಅಣ್ಣ ನಿಂತಿರಬಹುದಾದ ಜಾಗದಲ್ಲಿ ನಿಂತು ಮುಚ್ಚಳ ತಿರುವಿದೆ. ಟ್ಯಾಂಕು ಉಸಿರೆಳೆದುಕೊಂಡಿತು. ಉದ್ದದ ಉಸಿರು. ನೀರಿನಲ್ಲಿ ಮುಳುಗಿದ್ದವನು ತಲೆ ಎತ್ತಿದಾಗ ಎಳೆದುಕೊಳ್ಳುವಂಥದ್ದು. ಪೈಪು ಮತ್ತೆ ಜೋಡಿಸಿ ಹ್ಯಾಂಡ್ ಪಂಪ್ ಒತ್ತಿದರೆ ಗುಂಡಿ ಟಪ್ಪನೆ ಪುಟಿಯಿತು.

ಅಣ್ಣನನ್ನು ಯಾರೂ ಕರೆದಿರಲಿಲ್ಲ. ಗಾಡಿ ನಿಂತಿತ್ತು, ಅವನು ಇಳಿದಿದ್ದ, ಮುಚ್ಚಳ ತೆಗೆದಿದ್ದ. ಕೆಲಸ ಬಲ್ಲವನು, ಸರಿಯಾದದ್ದನ್ನೇ ಮಾಡಿದ್ದ. ಮನೆಯಿಂದ ಆ ತಿರುವಿನವರೆಗೆ ಎಷ್ಟು ಡೀಸೆಲ್ ಉರಿಯುತ್ತದೆಯೋ ಅಷ್ಟಕ್ಕೆ ಒಳಗಿನ ಗಾಳಿ ತೀರುತ್ತಿತ್ತು. ಬಹಳ ಹೊತ್ತು ನಿಂತರೆ ಸಂದಿಯಿಂದ ಮೆಲ್ಲಗೆ ಗಾಳಿ ಸೇರಿ ಗುಂಡಿ ತಾನಾಗಿಯೇ ಮೇಲೆ ಬರುತ್ತಿತ್ತು. ಚಾಚಾ ಮುಚ್ಚಳ ತೆಗೆದೇ ಪರೀಕ್ಷೆ ಶುರು ಮಾಡಿದ್ದರಿಂದ ಅವರ ಮುಂದೆ ರೋಗ ಕಾಣಿಸಲೇ ಇಲ್ಲ.

ಆಮೇಲೆ ಮುಚ್ಚಳವನ್ನು ತಿರುವಿ ನೋಡಿದೆ. ಡೀಸೆಲ್ ಖಾಲಿಯಾದಷ್ಟೂ ಗಾಳಿ ಒಳಗೆ ಹೋಗಬೇಕಾದ ಆ ತೂತು ಕಾಣಲಿಲ್ಲ. ಉಗುರಿನಿಂದ ಕೆರೆದರೆ ಒಳಮೈಯಿಂದ ಒಂದು ಚೂರು ಎದ್ದು ಬಂತು. ಡೀಸೆಲ್ ಕುಡಿದು ತಗಡಿನ ಬಣ್ಣಕ್ಕೆ ತಿರುಗಿದ ಬಟ್ಟೆ, ದುಂಡಗೆ ಕತ್ತರಿಸಿದ್ದು, ಗಂಜಿ ಸವರಿ ಅಂಟಿಸಿದ್ದು. ಗಂಜಿ ನೀರಿಗೆ ಬಿಡುತ್ತದೆ, ಡೀಸೆಲ್ಲಿಗೆ ಬಿಡುವುದಿಲ್ಲ.

ಚೂರನ್ನು ಹೊಲಕ್ಕೆ ಎಸೆದೆ. ಸೂಜಿಯಿಂದ ತೂತು ಬಿಡಿಸಿ ಮನೆಗೆ ಬಂದೆ. ವೈನಿಗೆ ಗಾಡಿಯ ಹತ್ತಿರವೇ ಎಲ್ಲ ತೋರಿಸಿದೆ, ಬಟ್ಟೆಯ ಚೂರೊಂದನ್ನು ಬಿಟ್ಟು. ತೂತಿಗೆ ಮಣ್ಣು ಕೂತಿತ್ತು ಅಂದೆ.

"ಅಂದ್ರ ಯಾರೂ ಕರದಿದ್ದಿಲ್ಲ?"

"ಯಾರೂ ಇಲ್ಲ ವೈನಿ."

ಅವಳು ಮುಚ್ಚಳವನ್ನು ತಾನೇ ಒಮ್ಮೆ ತಿರುವಿ ತೆಗೆದಳು, ಮತ್ತೆ ಹಾಕಿದಳು. ಅಂದು ಸಂಜೆ ಒಳಗಿನಿಂದಲೇ ಮಕ್ಕಳನ್ನು ಊಟಕ್ಕೆ ಕೂಗಿದಳು.

ಅವ್ವ ಗಂಜಿಯ ಪಾತ್ರೆ ತಿಕ್ಕುತ್ತಿದ್ದಳು. "ಸೀರಿಗೆ ಈಗ ವಾಸನಿ ಬರೂದಿಲ್ಲಲಾ?" ಎಂದು ಕೇಳಿದಳು.

"ಇಲ್ಲವ್ವ."

"ಚಲೋ ಆತು," ಅಂದಳು.

ಸೀರೆಯ ಗಂಟುಗಳಿಗೆ ಪ್ಲಾಸ್ಟಿಕ್ ಹೊದಿಸಿದೆ. ಗಾಡಿ ಮತ್ತೆ ಅಲ್ಲಿ ನಿಲ್ಲಲಿಲ್ಲ. ಈಗ ಅವ್ವನೂ ಇಲ್ಲ. ಹೊಸ ಮುಚ್ಚಳಕ್ಕೆ ಬಟ್ಟೆ ಅಂಟಿಸಿದ್ದು ಅವಳೇ ಎಂಬುದು ನನಗೆ ಗೊತ್ತು. ನರಗುಂದದಿಂದ ಬಂದ ಆ ಸಂಜೆ ಹಳೆಯ ಮುಚ್ಚಳಕ್ಕೂ ಅಂಟಿಸಿದ್ದಳೋ, ಅಥವಾ ಅದರ ತೂತಿಗೆ ನಾನು ವೈನಿಗೆ ಹೇಳಿದಂತೆ ಮಣ್ಣೇ ಕೂತಿತ್ತೋ, ಗೊತ್ತಿಲ್ಲ. ಅವಳನ್ನು ನಾನು ಕೇಳಲಿಲ್ಲ. ಕಡಲೆ ಕಿತ್ತು ಹೊಲ ಬಯಲಾದಾಗ ಬೇವಿನ ಗಿಡದ ಸುತ್ತ ಹುಡುಕುತ್ತೇನೆ. ಹಳೆಯ ಮುಚ್ಚಳ ಇನ್ನೂ ಸಿಕ್ಕಿಲ್ಲ.