ಅಜ್ಜಿಯ ಕೈಚೀಲದಲ್ಲಿದ್ದ ಬಾಟಲಿಗಳು

ಕೋವಿಡ್ ಗಲಾಟೆ ಅಡಗಿದ ಮರುವರ್ಷ. ನಾನು ಶಿಡ್ಲಘಟ್ಟದಲ್ಲಿ ಮಕ್ಕಳ ವೈದ್ಯನಾಗಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಒಂದು ಬೆಳಿಗ್ಗೆ ದಿಬ್ಬೂರಹಳ್ಳಿ ಕಡೆಯ ಮೇಷ್ಟರೊಬ್ಬರು ಮೂರು ವರ್ಷದ ಮಗಳು ಲಾಸ್ಯಳನ್ನು ಕರೆತಂದರು. ಜೊತೆಗೆ ಅವರ ತಾಯಿ. ಮಗುವಿಗೆ ನೆಗಡಿ, ಅದರ ಬೆನ್ನಿಗೇ ಮೈತುಂಬ ಗಂಧೆ ಎದ್ದಿತ್ತು. ಮಕ್ಕಳಲ್ಲಿ ಇದು ಸಾಮಾನ್ಯ, ಬಹುಮಟ್ಟಿಗೆ ತಾನೇ ಇಳಿಯುತ್ತದೆ. ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಲಾಸ್ಯಳಿಗೆ ಅದೇನೂ ಇರಲಿಲ್ಲ.

ಇದ್ದದ್ದು ಬೆನ್ನಿನ ಮೇಲೆ ಗೀರುಗಳು. ಗಂಧೆ ಇಳಿಯಲೆಂದು ಅಜ್ಜಿ ಕಂಬಳಿಯಿಂದ ತಿಕ್ಕಿದ್ದರು.

"ಮಗು ಮೈ ಏನು ಮುಸುರೆ ಪಾತ್ರೇನಾ, ಹಿಂಗೆ ತಿಕ್ಕೋಕೆ?" ಎಂದು ಹತ್ತು ನಿಮಿಷ ಅವರಿಗೆ ಮಂಗಳಾರತಿ ಮಾಡಿದೆ.

ಮೇಷ್ಟರು ಹಲ್ಲು ಕಿರಿದು, "ಓದಿಲ್ಲ ಸಾರ್, ಹೇಳಿದ್ರೆ ಅರ್ಥ ಆಗಲ್ಲ" ಎಂದರು. ಓದಿದವರಿಬ್ಬರೂ ಒಂದು ಪಕ್ಷವಾದೆವು. ಮಗುವಿನ ತೂಕ ನೋಡಿ, ಅಲರ್ಜಿ ತಗ್ಗಿಸುವ ಸಿರಪ್ಪನ್ನು ಅಳತೆ ಸಮೇತ ಬರೆದುಕೊಟ್ಟೆ.

ಮರುದಿನ ಮಧ್ಯಾಹ್ನ ಮತ್ತೆ ಬಂದರು. ಮೇಷ್ಟರ ಮುಖದಲ್ಲಿ ಗೆದ್ದ ಕಳೆ. "ಒಂದು ಗಂಧೆ ಇಲ್ಲ ಸಾರ್, ಹಾಯಾಗಿ ಮಲಗಿದಾಳೆ. ಅಮ್ಮಂದೇ ಹಟ, ತೋರಿಸ್ಲೇಬೇಕಂತೆ."

"ಕೂಗಿದ್ರೂ ಕಣ್ಣು ಬಿಡ್ತಿಲ್ಲಪ್ಪ" ಎಂದರು ಅಜ್ಜಿ. "ಇದು ನಿದ್ದೆ ಅಲ್ಲ."

ಅಲ್ಲವೇ ಅಲ್ಲ. ಚಿವುಟಿದರೆ ಮಗು ಮುಖ ಕಿವುಚಿ ಮತ್ತೆ ಜೋತುಬಿತ್ತು, ಉಸಿರು ನಿಧಾನವಾಗಿತ್ತು. ಬೇರೆ ಏನು ಕೊಟ್ಟಿರಿ ಎಂದೆ. ಅಜ್ಜಿ ಕೈಚೀಲವನ್ನು ಮೇಜಿನ ಮೇಲೆ ಸುರಿದರು: ನನ್ನ ಸಿರಪ್, ಮೆಡಿಕಲ್ ಶಾಪಿನ ನೆಗಡಿ ಸಿರಪ್, ಅದೇ ಅಂಗಡಿಯ ತುರಿಕೆ ಸಿರಪ್. ಹೆಸರು ಮೂರು, ಮೂರರಲ್ಲೂ ಅಲರ್ಜಿ ಔಷಧ. ಅಂಗಡಿಯ ಎರಡಂತೂ ಮಂಪರು ತರಿಸುವಂಥವು, ನನ್ನ ಹತ್ತಿರ ಬರುವ ಮೊದಲೇ ಕೊಂಡವು. ಬೇಗ ಇಳಿಯಲೆಂದು ಮೂರನ್ನೂ ಊಟದ ಚಮಚದಲ್ಲಿ ಕುಡಿಸಿದ್ದರು, ಬಿ.ಎಡ್. ಮಾಡಿದ ಈ ಮಹಾಶಯರು. ಬಾಟಲಿಯ ಮೇಲಿನ ಅಕ್ಷರ ಓದದ ಓದು ಯಾವ ಸೀಮೆ ಓದು!

ಆಕ್ಸಿಜನ್ ಹಾಕಿ, ಆಂಬ್ಯುಲೆನ್ಸಿನಲ್ಲಿ ನಾನೇ ಕೂತು ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಹೆದರಿದ್ದೆ. ಸಂಜೆ ಲಾಸ್ಯ ಕಣ್ಣು ಬಿಟ್ಟು ಅಜ್ಜಿ ಎಲ್ಲಿ ಎಂದು ಕೇಳಿದಳು.

ಆಮೇಲೆ ಮೇಷ್ಟರಿಗೆ ಬಯ್ಯಲು ಬಾಯಿ ತೆರೆದೆ. ಅಜ್ಜಿ ತಡೆದರು.

"ನಿನ್ನೆ ನಂಗೆ ಅಷ್ಟೊತ್ತು ಬೈದ್ರಲ್ಲ ಡಾಕ್ಟ್ರೇ, ಆಗ್ಲೂ ಈ ಚೀಲ ನನ್ನ ಕೈಯಲ್ಲೇ ಇತ್ತು. ನೀವು ಕೇಳ್ಲಿಲ್ಲ."

ಈಗಲೂ ಬಯ್ಯುತ್ತೇನೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ? ಆದರೆ ಮೊದಲು ಚೀಲ ನೋಡುತ್ತೇನೆ.